ಪಂಚನಾಮೆ ಅಡುಗೆಮನೆಯಿಂದ ಶುರುವಾಗಲಿ

ಮಳೆ ಜೋರು ಹಿಡಿದಾಗಲೆಲ್ಲ ನನಗೆ ಒಬ್ಬರ 11 ಕೋಳಿಗಳು ನೆನಪಾಗುತ್ತವೆ.

2019ರ ಆಗಸ್ಟ್. ಗಂಗಾವಳಿ ಹೊಳೆ ಉಕ್ಕಿ ಅಂಕೋಲಾ ತಾಲೂಕಿನ ದಂಡೆಯ ಊರುಗಳಿಗೆ ನುಗ್ಗಿತ್ತು. ನಾನು ಕಲಿಸುವ ಶಾಲೆ ಸ್ವಲ್ಪ ಎತ್ತರದಲ್ಲಿದೆ, ಹಾಗಾಗಿ ಮನೆಗೆ ನೀರು ನುಗ್ಗಿದವರು ತಂಗುವ ಕಾಳಜಿ ಕೇಂದ್ರ ಅದೇ ಆಯಿತು. ನೀರು ಇಳಿದ ಮೇಲೆ ಸರ್ಕಾರದವರು ಪಂಚನಾಮೆಗೆ, ಅಂದರೆ ನಷ್ಟ ಬರೆದುಕೊಳ್ಳಲು ಬಂದರು. ಅಂಗಳದಲ್ಲಿ ನಿಂತು ಗಂಡಸರನ್ನು ಕೇಳಿದರು. ಗೋಡೆ ಎಷ್ಟು ಬಿತ್ತು, ಗದ್ದೆ ಎಷ್ಟು ಗುಂಟೆ, ದನ ಹೋಯಿತಾ. ಗಂಡಸರು ಹೇಳಿದರು. ಇವರು ಬರೆದುಕೊಂಡು ಹೋದರು. ಅವತ್ತು ಸಂಜೆ ಶಾಲೆಯ ಜಗಲಿಯಲ್ಲಿ ಒಬ್ಬ ಅಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಅಕ್ಕೋರೇ, ಗದ್ದೆ ಬರಕಂಡು ಹೋದ್ರು. ನನ್ನ ಕೋಳಿ ಯಾರು ಬರೀತ್ರು?"

11 ಕೋಳಿ, ಒಂದು ಹೊಲಿಗೆ ಮಿಷನ್, ಮಳೆಗಾಲಕ್ಕೆ ಅಂತ ತುಂಬಿಟ್ಟ ಎರಡು ಡಬ್ಬ ಒಣ ಶೆಟ್ಲಿ (ಸೀಗಡಿ). ಅವರ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದ್ದದ್ದು ಇವುಗಳಿಂದಲೇ. ಮಗಳ ಬಸ್ ಪಾಸು, ಅತ್ತೆಯ ಬಿಪಿ ಮಾತ್ರೆ, ಹೆಂಗಸರ ಸಂಘದ ವಾರದ ಕಂತು ಎಲ್ಲಾ ಅದರಲ್ಲೇ ನಡೆಯುತ್ತಿತ್ತು. ಮೂರೂ ಒಂದೇ ರಾತ್ರಿಯಲ್ಲಿ ಹೋದವು. ಯಾವ ಕಾಗದದಲ್ಲೂ ಅವು ಇರಲಿಲ್ಲ.

ಆಮೇಲೆ ನನಗೆ ಗೊತ್ತಾಯಿತು, ಸರ್ಕಾರದ ನಿಯಮದಲ್ಲಿ ಕೋಳಿಗೂ ಪರಿಹಾರ ಇದೆ. ಪಾತ್ರೆಗೂ ಬಟ್ಟೆಗೂ ಇದೆ. ಅವರಿಗೆ ಕೋಳಿಯ ದುಡ್ಡು ತಪ್ಪಿದ್ದು ನಿಯಮದಿಂದಲ್ಲ, ಯಾರೂ ಬರೆಸದೇ ಇದ್ದದ್ದರಿಂದ. ಕೋಳಿ ಎಷ್ಟಿದ್ದವು ಅಂತ ಆ ಮನೆಯ ಗಂಡನಿಗೆ ಗೊತ್ತೇ ಇರಲಿಲ್ಲ. ಅವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಆ ರಾತ್ರಿ ಅವರೂ ಊರಿನ ಹುಡುಗರೂ ದೋಣಿ ತಂದು ಕೆಳಗಿನ ಕೇರಿಯ ಮುದುಕರನ್ನೆಲ್ಲ ದಾಟಿಸಿದ್ದಾರೆ. ಅದನ್ನು ಯಾರೂ ಮರೆಯಬಾರದು. ನನ್ನ ಮಾತು ಇಷ್ಟೇ. ಮನೆಯಲ್ಲಿ ಏನಿತ್ತು ಅಂತ ಗೊತ್ತಿದ್ದವರನ್ನು ಬಿಟ್ಟು ಬೇರೆಯವರನ್ನು ಕೇಳಿದರೆ ಪಟ್ಟಿ ಅರ್ಧವೇ ಆಗುತ್ತದೆ. ಪಟ್ಟಿ ಅರ್ಧ ಆದರೆ ಊರು ಏಳುವುದೂ ಅರ್ಧವೇ.

ಗಂಗಾವಳಿ ಧಾರವಾಡದ ಕಡೆ ಹುಟ್ಟಿ, ಬೇಡ್ತಿ ಅನ್ನಿಸಿಕೊಂಡು ಘಟ್ಟ ಇಳಿದು ನಮ್ಮ ಕಡೆ ಬರುತ್ತದೆ. ಕಾಳಿ ಹೊಳೆಗೆ ಇರುವ ಹಾಗೆ ಇದಕ್ಕೆ ದೊಡ್ಡ ಅಣೆಕಟ್ಟು ಇಲ್ಲ. ಕದ್ರಾ ಅಣೆಕಟ್ಟಿನಲ್ಲಿ ನೀರು ಬಿಡುವ ಮೊದಲು ಕಾಳಿ ದಂಡೆಯವರಿಗೆ ಎಚ್ಚರಿಕೆ ಕೊಡುತ್ತಾರೆ. ನಮಗೆ ಹಾಗೆ ಬಾಗಿಲು ತೆಗೆಯುವವರೇ ಇಲ್ಲ, ಘಟ್ಟದ ಮೇಲೆ ಹೊಯ್ದ ಮಳೆ ಸೀದಾ ಕೆಳಗೆ ಬರುತ್ತದೆ. ಹಾಗಾದರೆ ನಮಗೆ ಮೊದಲು ಹೇಳುವವರು ಯಾರು? ಆ ಸಲ ನಾನು ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಘಟ್ಟದ ಮೇಲೆ ಯಲ್ಲಾಪುರದ ಕಡೆ ಕೊಟ್ಟ ಮಗಳು ಮಧ್ಯಾಹ್ನವೇ ತವರಿಗೆ ಫೋನ್ ಮಾಡಿದಳು. "ಆಯಿ, ಇಲ್ಲಿ ಹೊಳೆ ತೋಟಕ್ಕೆ ಬಂತು. ನೀವು ಅಲ್ಲಿ ಕೂರಬೇಡಿ." ಆ ತಾಯಿ ಪಕ್ಕದ ಮನೆಗೆ ಹೇಳಿದಳು, ಪಕ್ಕದ ಮನೆಯವಳು ಕೆಳಗಿನ ಊರಿನ ತನ್ನ ತಂಗಿಗೆ ಹೇಳಿದಳು. ಕತ್ತಲಾಗುವುದರೊಳಗೆ ಸುಮಾರು ಮನೆಗಳ ಅಕ್ಕಿ ಅಟ್ಟ ಹತ್ತಿತ್ತು. ಹೊಳೆಯ ಉದ್ದಕ್ಕೂ ತವರು, ಗಂಡನ ಮನೆ, ಅಕ್ಕನ ಮನೆ ಅಂತ ಹೆಣ್ಣುಮಕ್ಕಳ ಸಂಬಂಧ ಹಬ್ಬಿದೆ. ನೀರು ಯಾವ ದಾರಿಯಲ್ಲಿ ಬರುತ್ತದೋ ಸುದ್ದಿಯೂ ಅದೇ ದಾರಿಯಲ್ಲಿ, ಅದಕ್ಕಿಂತ ಮುಂಚೆ ಬಂತು. ಈ ಫೋನ್ ನಂಬರ್‌ಗಳನ್ನು ಯಾವ ಪಂಚಾಯಿತಿಯಾದರೂ ಒಂದು ಕಡೆ ಬರೆದಿಟ್ಟಿದೆಯಾ?

ನೀರು ಇಳಿದ ಮೇಲೆ ಮೊದಲ ಕೆಲಸ ಬಾವಿ. ಇದು ಪೇಪರಿನಲ್ಲಿ ಬರುವುದಿಲ್ಲ. ನೆರೆ ಹೋದ ಮೂರನೇ ದಿನ ಊರೆಲ್ಲ ರಾಡಿ ವಾಸನೆ. ಸಂಘದ ಹೆಂಗಸರು ಬಾವಿಕಟ್ಟೆ ಮೇಲೆ ಕುಳಿತು ಯಾವ ಬಾವಿ ಮೊದಲು ಅಂತ ಮಾತಾಡಿದರು. ದೊಡ್ಡ ಮನೆಯವರ ಬಾವಿ ಹತ್ತಿರ ಇತ್ತು, ಪಂಪ್‌ಸೆಟ್ ಕೂಡ ಅವರದ್ದೇ. ಆದರೆ ಇವರು ಕೆಳಗಿನ ಕೊಪ್ಪದ (ಕೇರಿಯ) ಬಾವಿ ಮೊದಲು ಅಂದರು. ಅಲ್ಲಿ ಒಬ್ಬಳಿಗೆ ಹೆರಿಗೆಯಾಗಿ ಹನ್ನೆರಡೇ ದಿನ ಆಗಿತ್ತು. ಇನ್ನೂ ಇಬ್ಬರಿಗೆ ದಿನ ತುಂಬುತ್ತಿತ್ತು. ಇದು ಯಾವ ಅಧಿಕಾರಿಗೆ ಗೊತ್ತಿತ್ತು? ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿತ್ತು, ಈ ಹೆಂಗಸರ ತಲೆಯಲ್ಲಿತ್ತು. ಪಂಪು ಕೆಳಗೆ ಹೊತ್ತುಕೊಂಡು ಹೋದರು. ನೀರು ಖಾಲಿ ಮಾಡಿ, ಒಳಗೆ ಇಳಿದು ಕೆಸರು ಎತ್ತಿ, ಬ್ಲೀಚಿಂಗ್ ಪೌಡರ್ ಹಾಕಿದರು. ಕೊಡದ ಬಾಯಿಗೆ ಬಿಳಿ ಪಂಚೆ ಕಟ್ಟಿ ಸೋಸಿ ನೋಡಿದರು. ಎರಡು ಸಲ ಪಂಚೆ ಕೆಂಪಗಾಯಿತು. ಮೂರನೇ ಸಲ ಆಗಲಿಲ್ಲ. ಆದರೂ ಕುದಿಸದೆ ಯಾರಿಗೂ ಕೊಡಬೇಡಿ ಅಂತ ಮನೆಮನೆಗೆ ಹೇಳಿ ಬಂದರು.

ಮುಂದೆ ಗದ್ದೆ. ನೆಟ್ಟಿ ಮುಗಿದಿದ್ದ ಗದ್ದೆಗಳ ಮೇಲೆ ಮಣ್ಣು ಕೂತಿತ್ತು. ಮೇಲಿನ ಊರಿನಲ್ಲಿ ಕೆಲವರ ಹತ್ತಿರ ಅಗೆ (ಭತ್ತದ ಸಸಿ) ಉಳಿದಿತ್ತು. ಅದು ಉಳಿದಿದೆ ಅಂತ ಗೊತ್ತಿದ್ದದ್ದು ನೆಟ್ಟಿಗೆ ಹೋದ ಹೆಂಗಸರಿಗೆ ಮಾತ್ರ. ಅವರೇ ಕೇಳಿ ತಂದರು. ಮುಯ್ಯಾಳು ಲೆಕ್ಕದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಇಳಿದರು. ಎಲ್ಲಾ ಗದ್ದೆ ಉಳಿಯಿತು ಅಂತ ಸುಳ್ಳು ಹೇಳುವುದಿಲ್ಲ. ಆಗಲೇ ಹೊತ್ತು ಮೀರಿತ್ತು. ಉಳಿದಷ್ಟು ಉಳಿಯಿತು.

ತರಕಾರಿ ಬೀಜದ ಕತೆ ಇದಕ್ಕಿಂತ ದೊಡ್ಡದು. ಅಂಕೋಲಾ ಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುವ ಹಾಲಕ್ಕಿ ಸಮುದಾಯದ ಹೆಂಗಸರನ್ನು ನೀವೆಲ್ಲ ನೋಡಿದ್ದೀರಿ. ಅವರ ಹರಿವೆ, ಹೀರೆ, ಬೆಂಡೆ, ಮೊಗೆಕಾಯಿ ಬೀಜ ಅಂಗಡಿಯದ್ದಲ್ಲ. ಬೂದಿ ಹಚ್ಚಿ ಒಣಗಿಸಿ, ಒಲೆ ಮೇಲೆ ಹೊಗೆ ತಾಗುವಲ್ಲಿ ಕಟ್ಟಿಟ್ಟದ್ದು. ಅಡುಗೆಮನೆ ಮುಳುಗಿದರೆ ಬರುವ ವರ್ಷದ ದುಡಿಮೆಯೇ ಮುಳುಗಿತು. ಅವತ್ತು ಬೀಜ ಬಂದದ್ದು ನೀರು ಮುಟ್ಟದ ಊರುಗಳ ನೆಂಟರಿಂದ, ಒಂದೊಂದು ಚಿಟಿಕೆ, ಕಾಗದದ ಪೊಟ್ಟಣದಲ್ಲಿ. ಶಿರಸಿಯಲ್ಲಿ ವನಸ್ತ್ರೀ ಬಳಗದ ಹೆಂಗಸರು 2001ರಿಂದ ಹಿತ್ತಲಿನ ಬೀಜ ಉಳಿಸಿ ಹಂಚುವ ಕೆಲಸ ಮಾಡುತ್ತಾ ಬಂದಿದ್ದಾರೆ. ಒಂದೇ ಬೀಜ ಹತ್ತು ಮನೆಯಲ್ಲಿದ್ದರೆ ಒಂದು ಮನೆ ಮುಳುಗಿದರೂ ಬೀಜ ಮುಳುಗುವುದಿಲ್ಲ. ನಷ್ಟದ ಪಟ್ಟಿಯಲ್ಲಿ ಈ ಬೀಜಕ್ಕೆ ಒಂದು ಸಾಲೂ ಇರಲಿಲ್ಲ.

ನಮ್ಮ ತಾಲೂಕಿನ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ತುಳಸಿ ಗೌಡ ಅವರ ಹೆಸರು 2020ರ ಪಟ್ಟಿಯಲ್ಲಿ ಬಂತು. ಒಬ್ಬರು ಹಾಡು ಕಾಪಾಡಿದರು, ಸಾರಾಯಿ ವಿರುದ್ಧ ನಿಂತರು. ಇನ್ನೊಬ್ಬರು ಯಾವ ಮರದ ಬೀಜ ಯಾವಾಗ ಆರಿಸಬೇಕು ಅಂತ ಬಲ್ಲವರು. ಇಬ್ಬರೂ ಈಗಿಲ್ಲ. ಇಬ್ಬರೂ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅವರ ಫೋಟೋ ನಮ್ಮ ಶಾಲೆಯ ಗೋಡೆಯಲ್ಲಿದೆ, ನನಗೆ ಹೆಮ್ಮೆ ಇದೆ. ಆದರೆ ಅವರದ್ದೇ ಹಾಲಕ್ಕಿ ಸಮುದಾಯದ ಹೆಂಗಸು ಪಂಚನಾಮೆಯ ಹೊತ್ತಿಗೆ ಬಾಗಿಲ ಹಿಂದೆ ನಿಂತಿರುತ್ತಾಳೆ. ಆಗ ಅವಳನ್ನು ಯಾರೂ ಕರೆಯುವುದಿಲ್ಲ. ಇದು ಸರಿಯಾ?

ಇನ್ನೊಂದು ವಿಷಯ ನೋಡಿ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಮುಖ್ಯಸ್ಥೆ ಹಿರಿಯ ಹೆಂಗಸು. ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವಳ ಖಾತೆಗೇ ಬರುತ್ತದೆ. ಅಂದರೆ ಅಕ್ಕಿ ಕೊಡುವಾಗ ಅವಳು ಯಜಮಾನಿ. ಪಹಣಿ ತೆಗೆದು ನೋಡಿದರೆ ಗಂಡನ ಹೆಸರು, ಇಲ್ಲವೇ ತೀರಿಹೋದ ಮಾವನ ಹೆಸರು. ಮನೆ ಬಿದ್ದಾಗ ಕೇಳುವುದು ಆ ಕಾಗದವನ್ನು. ನನಗೆ ಹತ್ತಿರದ ಒಬ್ಬ ವಿಧವೆ ಪರಿಹಾರಕ್ಕಾಗಿ ಒಂದು ಕಚೇರಿಗೆ ಐದು ಸಲ ಅಲೆದರು. ನಾಲ್ಕು ಸಲ ನಾನೂ ಜೊತೆಗಿದ್ದೆ. ಪ್ರತಿ ಸಲ ಒಂದೇ ಪ್ರಶ್ನೆ, "ಮನೆಯಲ್ಲಿ ಗಂಡಸರು ಯಾರೂ ಇಲ್ವಾ?" ಇಲ್ಲದ್ದಕ್ಕೇ ಅಲ್ವಾ ಅವರು ಬಂದದ್ದು!

2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿಯಿತು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಂಡೆಯ ಉಳುವರೆಯ ಮನೆಗಳನ್ನೇ ಹೊಡೆಯಿತು. ಟಿವಿಯವರು ಎಲ್ಲಾ ಈಚೆ ದಂಡೆಯಲ್ಲಿದ್ದರು. ನಮ್ಮ ಸಂಘದವರು ಸೀರೆ, ನೈಟಿ, ಮಕ್ಕಳ ಬಟ್ಟೆ, ಸ್ಯಾನಿಟರಿ ಪ್ಯಾಡ್ ಕಟ್ಟಿ ಕಳಿಸಿದರು. ಪ್ಯಾಡ್ ಯಾಕೆ ಅಂತ ಕೇಳಿದವರಿದ್ದರು. ಕಾಳಜಿ ಕೇಂದ್ರದಲ್ಲಿ ಮೂರು ರಾತ್ರಿ ಕಳೆದ ಹೆಂಗಸಿಗೆ ಆ ಪ್ರಶ್ನೆ ಬರುವುದಿಲ್ಲ.

ಮಹಿಳಾ ದಿನಾಚರಣೆಯಲ್ಲಿ "ಹೆಣ್ಣು ಭೂಮಿತಾಯಿ, ಎಲ್ಲಾ ಸಹಿಸುತ್ತಾಳೆ" ಅನ್ನುವ ಭಾಷಣ ಕೇಳಿದರೆ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ. ಸಹಿಸುತ್ತಾಳೆ ಅಂತ ಹೇಳಿ ಹೇಳಿಯೇ ಕೆಲಸ ಹೇರುತ್ತೇವೆ. ನೆರೆ ಬಂದ ವರ್ಷ ಕಾಳಜಿ ಕೇಂದ್ರದ ಅಡುಗೆ ಅವರದ್ದು, ಮನೆ ತೊಳೆಯುವುದು ಅವರದ್ದು, ಜ್ವರ ಬಂದವರ ಆರೈಕೆ ಅವರದ್ದು. ಕೂಲಿ ಇಲ್ಲ. ಊರು ಕಟ್ಟುವುದರಲ್ಲಿ ಹೆಂಗಸರ ಪಾತ್ರ ಅಂತ ಮಾತಾಡುವವರು ಆ ಕೆಲಸಕ್ಕೆ ದಿನಗೂಲಿಯ ಮಾತನ್ನೂ ಆಡಬೇಕು. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರದ್ದೇ. ಗ್ರಾಮಸಭೆಯಲ್ಲಿ ಈ ಮಾತು ಎತ್ತಲು ಹೊಸ ಕಾನೂನು ಏನೂ ಬೇಡ.

ನಾವು ಒಂದು ಸಣ್ಣ ಕೆಲಸ ಮಾಡಿದೆವು. ಈ ಸಲ ಮಳೆಗೆ ಮೊದಲು ಸಂಘದ ಪ್ರತಿ ಮನೆಗೂ ಹೋದೆವು. ಪಾತ್ರೆಯ ಹಲಗೆ, ಹೊಲಿಗೆ ಮಿಷನ್, ಒಣಮೀನಿನ ಡಬ್ಬ, ಬೀಜದ ಗಂಟು, ಕೋಳಿಗೂಡು, ಎಲ್ಲದರ ಫೋಟೋ ತೆಗೆದು, ಮನೆಯವಳನ್ನೇ ಪಕ್ಕದಲ್ಲಿ ನಿಲ್ಲಿಸಿ, ತಾರೀಖು ಬರೆದಿಟ್ಟೆವು. ನಾಳೆ ಯಾರಾದರೂ ಬರೆದುಕೊಳ್ಳಲು ಬಂದರೆ ತೋರಿಸಲು. ಆ ಕೋಳಿಯ ಅಮ್ಮ ಮೊದಲು ಬೇಡ ಅಂದರು. ಆಮೇಲೆ ಸೀರೆ ಬದಲಿಸಿ ಬಂದು ಗೂಡಿನ ಮುಂದೆ ನಿಂತರು. ಈಗ 7 ಕೋಳಿ ಇವೆ. ಒಂದು ಕಾವಿಗೆ ಕೂತಿತ್ತು, ಫೋಟೋದಲ್ಲಿ ಬಂದಿಲ್ಲ. ಅದನ್ನೂ ಬರೆಯಿರಿ ಅಂದರು. ಬರೆದೆ.