ಬೊಲೊನ್ಯಾಕ್ಕೆ ಅರ್ಧ ದಿನ ಸಾಕಾ?

ಇಟಲಿಗೆ ಹೊರಟ ಸ್ನೇಹಿತರು ತಮ್ಮ ಪ್ರವಾಸದ ಪಟ್ಟಿ ಕಳಿಸಿ "ಒಂದ್ಸಲ ನೋಡಿ ಹೇಳಿ" ಅಂತಾರೆ. ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್. ಹೆಚ್ಚುಕಡಿಮೆ ಎಲ್ಲರದ್ದೂ ಇದೇ. ಬೊಲೊನ್ಯಾದ ಹೆಸರಿದ್ದರೂ "ಟ್ರೈನ್ ಬದಲಿಸುವಾಗ ಅರ್ಧ ದಿನ" ಅಂತ ಒಂದು ಮೂಲೆಯಲ್ಲಿರುತ್ತದೆ. ಯಾಕೆ ಅಂದರೆ, "ಅಲ್ಲೇನಿದೆ ನೋಡೋಕೆ?"

ಕೊಲೋಸಿಯಮ್ ಇಲ್ಲ, ಗೊಂಡೋಲಾ ಇಲ್ಲ, ಒಪ್ಪಿದೆ. ಆದರೂ ಕಾಲ್ನಡಿಗೆಯಲ್ಲಿ ಊರು ನೋಡುವ ಹುಚ್ಚಿರುವವರಿಗೆ ಇಟಲಿಯಲ್ಲಿ ನಾನು ಮೊದಲು ಹೇಳುವ ಹೆಸರು ಬೊಲೊನ್ಯಾ. ಬೇರೆ ಊರುಗಳಲ್ಲಿ ಒಂದು ಸ್ಮಾರಕದಿಂದ ಇನ್ನೊಂದಕ್ಕೆ ಹೋಗಲು ನಡೆಯುತ್ತೇವೆ. ಇಲ್ಲಿ ನಡೆಯುವ ದಾರಿಯೇ ಸ್ಮಾರಕ. ಯುನೆಸ್ಕೊ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಊರಿನ ಚರ್ಚನ್ನಲ್ಲ, ಅರಮನೆಯನ್ನಲ್ಲ, ಪೋರ್ಟಿಕೊಗಳನ್ನು.

ಪೋರ್ಟಿಕೊ ಅಂದರೆ ಮನೆಯ ಮುಂದಿನ ಕಮಾನಿನ ಮೊಗಸಾಲೆ. ಮೇಲೆ ಯಾರದೋ ಮಲಗುವ ಕೋಣೆ, ಕೆಳಗೆ ಊರಿನವರೆಲ್ಲ ಓಡಾಡುವ ದಾರಿ. ನಮ್ಮ ಹಳ್ಳಿಮನೆಗಳ ಜಗಲಿಗಳನ್ನೆಲ್ಲ ಒಂದಕ್ಕೊಂದು ಸೇರಿಸಿ, ಊರ ಈ ತುದಿಯಿಂದ ಆ ತುದಿಗೆ ಹಾಸಿದ ಹಾಗೆ. ಹಳೆಯ ಊರೊಳಗೇ 38 ಕಿ.ಮೀ., ಹೊರಗಿನದೂ ಸೇರಿದರೆ ಸುಮಾರು 62 ಕಿ.ಮೀ. ಜೋರು ಮಳೆಯಲ್ಲೂ ಛತ್ರಿ ಬಿಚ್ಚದೆ ಮುಕ್ಕಾಲು ಊರು ಸುತ್ತಬಹುದು. ಜುಲೈ ಬಿಸಿಲಿಗೂ ಅಷ್ಟೇ, ನೆತ್ತಿ ಸುಡುವುದಿಲ್ಲ.

ಇದು ಹುಟ್ಟಿದ್ದು ಸೌಂದರ್ಯಪ್ರಜ್ಞೆಯಿಂದ ಅಂತ ಗೈಡ್‌ಗಳು ಹೇಳಿದರೆ ನಂಬಬೇಡಿ. ಹುಟ್ಟಿದ್ದು ಒತ್ತುವರಿಯಿಂದ! ಇಲ್ಲಿಯ ವಿಶ್ವವಿದ್ಯಾಲಯ 1088ರಷ್ಟು ಹಳೆಯದು ಎನ್ನುವುದು ವಾಡಿಕೆ. ವಿದ್ಯಾರ್ಥಿಗಳು ಬರುತ್ತಲೇ ಇದ್ದರು, ಬಾಡಿಗೆಗೆ ಕೋಣೆ ಬೇಕಿತ್ತು. ಮನೆಯವರು ಮೇಲಿನ ಮಹಡಿಯನ್ನು ಬೀದಿಯ ಮೇಲಕ್ಕೆ ಚಾಚಿದರು. ಭಾರ ಹೆಚ್ಚಾದಂತೆ ಕೆಳಗೆ ಮರದ ಕಂಬ ಕೊಟ್ಟರು. ಬೇರೆ ಊರುಗಳು ಇಂಥವನ್ನು ಕೆಡವಿಸಿದವು. ಬೊಲೊನ್ಯಾ ಮಾತ್ರ 1288ರಲ್ಲಿ ತಿರುಗಾಮುರುಗಾ ಮಾಡಿತು: ಇನ್ನು ಮೇಲೆ ಮನೆ ಕಟ್ಟುವವರು ಪೋರ್ಟಿಕೊ ಕಟ್ಟಲೇಬೇಕು. ಎತ್ತರ ಕನಿಷ್ಠ 2.66 ಮೀಟರ್, ಕುದುರೆ ಮೇಲೆ ಕೂತವನು ತಲೆ ತಾಗಿಸಿಕೊಳ್ಳದೆ ಹೋಗುವಷ್ಟು. ಮೇಲಿನ ಕೋಣೆ ನಿನ್ನದು, ಕೆಳಗಿನ ನೆಲವೂ ಕಾಗದದಲ್ಲಿ ನಿನ್ನದೇ, ರಿಪೇರಿ ಖರ್ಚೂ ನಿನ್ನದೇ. ಆದರೆ ಓಡಾಡುವ ಹಕ್ಕು ಎಲ್ಲರದು. ಇವತ್ತಿಗೂ ಲೆಕ್ಕಾಚಾರ ಹೀಗೇ ಇದೆ.

ಇದು ಗೊತ್ತಾದ ಮೇಲೆ ನಡೆಯುವ ರೀತಿಯೇ ಬದಲಾಗುತ್ತದೆ. ಕಾಲ ಕೆಳಗೆ ನೋಡಿಕೊಂಡು ನಡೆಯಿರಿ. ಒಂದು ಮನೆ ಮುಗಿದು ಇನ್ನೊಂದು ಶುರುವಾಗುವಲ್ಲಿ ನೆಲವೂ ಬದಲಾಗುತ್ತದೆ. ಇಲ್ಲಿ ಕಲ್ಲಿನ ಚಪ್ಪಡಿ, ಮುಂದೆ ನಾಲ್ಕು ಹೆಜ್ಜೆಗೆ ಚುಕ್ಕಿಚುಕ್ಕಿಯ ಮೊಸಾಯಿಕ್, ಆಮೇಲೆ ಯಾರೋ ಶ್ರೀಮಂತ ಹಾಕಿಸಿದ ಅಮೃತಶಿಲೆ. ಚಾವಣಿಯೂ ಹಾಗೇ. ಒಂದು ಕಡೆ ಬಣ್ಣದ ಚಿತ್ತಾರ, ಪಕ್ಕದಲ್ಲೇ ಬೋಳು ಸುಣ್ಣ. ಯಾರ ಹತ್ತಿರ ದುಡ್ಡಿತ್ತು, ಯಾರು ಜಿಪುಣರು ಅಂತ ಊರೇ ಹೇಳಿಬಿಡುತ್ತದೆ.

ಮರದ ಪೋರ್ಟಿಕೊಗಳನ್ನು ಕಿತ್ತು ಇಟ್ಟಿಗೆಯದೋ ಕಲ್ಲಿನದೋ ಕಟ್ಟಿ ಅಂತ 1568ರಲ್ಲಿ ಆಜ್ಞೆಯಾಯಿತು. ಆಜ್ಞೆ ಅಂದಮೇಲೆ ತಪ್ಪಿಸಿಕೊಂಡವರೂ ಇರಬೇಕಲ್ಲ. ಸ್ತ್ರಾದಾ ಮಜ್ಜೋರೆ ಬೀದಿಯ ಕಾಸಾ ಇಸೊಲಾನಿಯ ಮುಂದೆ ನಿಲ್ಲಿ. ಹದಿಮೂರನೇ ಶತಮಾನದ ಓಕ್ ಕಂಬಗಳು ಸುಮಾರು ಒಂಬತ್ತು ಮೀಟರ್ ಎತ್ತರಕ್ಕೆ ಇನ್ನೂ ಮನೆ ಹೊತ್ತು ನಿಂತಿವೆ. ಆ ಚಾವಣಿಯಲ್ಲಿ ಮೂರು ಬಾಣ ಸಿಕ್ಕಿಕೊಂಡಿವೆ ಅಂತ ಎಲ್ಲರೂ ಕತ್ತೆತ್ತಿ ಹುಡುಕುತ್ತಾರೆ. ಸಂಶಯದ ಗಂಡ ಹೆಂಡತಿಯನ್ನು ಕೊಲ್ಲಲು ಬಿಲ್ಲುಗಾರರನ್ನು ಕಳಿಸಿದನಂತೆ, ಆಕೆ ಕಿಟಕಿಯಲ್ಲಿ ಬೆತ್ತಲೆ ಕಾಣಿಸಿಕೊಂಡಳಂತೆ, ಗುರಿ ತಪ್ಪಿತಂತೆ. ಕತೆಯನ್ನು ನಾನು ನಂಬಲಿಲ್ಲ, ಬಾಣ ಮಾತ್ರ ಹುಡುಕಿದೆ.

ಊರ ನಡುವಿನ ಎರಡು ವಾಲು ಗೋಪುರಗಳನ್ನು ಕೆಳಗಿಂದಲೇ ನೋಡಿ ಮುಂದೆ ಹೋಗಿ. ಅವುಗಳಲ್ಲಿ ಗಾರಿಸೆಂದಾ ಪೀಸಾದ ಗೋಪುರಕ್ಕಿಂತ ಕುಳ್ಳು, 48 ಮೀಟರ್. ಆದರೆ ವಾಲುವುದು ಅದರಷ್ಟೇ, ಸುಮಾರು ನಾಲ್ಕು ಡಿಗ್ರಿ. ಹದಿನಾಲ್ಕನೇ ಶತಮಾನದಲ್ಲೇ ಬೀಳುವ ಭಯಕ್ಕೆ ಅದರ ತಲೆ ಕತ್ತರಿಸಿದ್ದರು. 2023ರ ಅಕ್ಟೋಬರ್‌ನಲ್ಲಿ ಮತ್ತೆ ಭಯ ಶುರುವಾಗಿ ಸುತ್ತ ಬೇಲಿ ಬಿತ್ತು, ಪಕ್ಕದ 97 ಮೀಟರಿನ ಅಸಿನೆಲ್ಲಿಯನ್ನು ಹತ್ತುವುದೂ ನಿಂತಿತು. ಇಲ್ಲಿನ ವಿದ್ಯಾರ್ಥಿಗಳಿಗೆ ಇದರಿಂದ ಬೇಜಾರೇನಿಲ್ಲ. ಡಿಗ್ರಿ ಮುಗಿಯುವ ಮೊದಲು ಅಸಿನೆಲ್ಲಿ ಹತ್ತಿದರೆ ಡಿಗ್ರಿ ಕೈಗೆ ಹತ್ತುವುದಿಲ್ಲ ಅನ್ನುವುದು ಅವರ ನಂಬಿಕೆ.

ಸಾನ್ ಪೆತ್ರೋನಿಯೊ ಚರ್ಚಿಗೆ ಮಧ್ಯಾಹ್ನ ಹೋಗಿ, ಬೆಳಗ್ಗೆ ಬೇಡ. 1390ರಲ್ಲಿ ಕಟ್ಟಲು ಶುರುಮಾಡಿದ್ದು, ಮುಂಭಾಗದ ಅಮೃತಶಿಲೆ ಅರ್ಧಕ್ಕೆ ನಿಂತು ಮೇಲೆಲ್ಲ ಬರೀ ಇಟ್ಟಿಗೆ. ಒಳಗೆ ಖಗೋಳಜ್ಞ ಕಸ್ಸೀನಿ 1655ರಲ್ಲಿ ನೆಲದ ಮೇಲೆ ಎಳೆಸಿದ ಮಧ್ಯಾಹ್ನರೇಖೆ ಇದೆ, 67 ಮೀಟರ್‌ಗೆ ತುಸು ಕಡಿಮೆ. ಚಾವಣಿಯ ಕಿಂಡಿಯಿಂದ ಇಳಿದ ಬಿಸಿಲಿನ ಬಿಲ್ಲೆ ಆ ಗೆರೆ ದಾಟುವುದು ಸೂರ್ಯನ ನಡುಹಗಲಿಗೆ, ಬೇಸಿಗೆಯಲ್ಲಾದರೆ ಗಡಿಯಾರ ಒಂದು ಗಂಟೆ ದಾಟಿದ ಮೇಲೆ. ಹನ್ನೆರಡಕ್ಕೆ ಹೋಗಿ ನಿಂತವರು ಕಾದು ಕಾದು ಹೊರಟುಹೋಗುತ್ತಾರೆ.

ರೈಲಿನಿಂದ ಇಳಿದವರು ನಿಲ್ದಾಣದಲ್ಲೂ ಎರಡು ನಿಮಿಷ ನಿಲ್ಲಬೇಕು. 1980ರ ಆಗಸ್ಟ್ 2ರಂದು ಅಲ್ಲಿಯ ವೇಟಿಂಗ್ ರೂಮಿನಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ಹೊರಗೋಡೆಯ ಒಂದು ಗಡಿಯಾರದಲ್ಲಿ ಇಂದಿಗೂ 10:25.

ಇಷ್ಟೆಲ್ಲ ಅರ್ಧ ದಿನದಲ್ಲಿ ಆಗುತ್ತದೆ ಅನ್ನುವವರಿಗೆ ನನ್ನ ಉತ್ತರ ಸಾನ್ ಲೂಕಾ. ಊರ ಹೊರಗಿನ ಗುಡ್ಡದ ಮೇಲೆ ಯೇಸುವಿನ ತಾಯಿ ಮರಿಯಮ್ಮನ ಗುಡಿ, ಅಲ್ಲಿಗೆ ಪೋರ್ಟಾ ಸರಗೊಜ್ಜಾ ಬಾಗಿಲಿನಿಂದ 3.8 ಕಿ.ಮೀ. ಉದ್ದದ ಒಂದೇ ಪೋರ್ಟಿಕೊ, 666 ಕಮಾನು. ಇದಕ್ಕೆ ಮಾತ್ರ ಮಳೆಯೇ ಕಾರಣ. 1433ರಲ್ಲಿ ಮಳೆ ಬಿಡದೆ ಬೆಳೆ ಕೊಳೆಯುವ ಹೊತ್ತಿಗೆ ಮರಿಯಮ್ಮನ ಪಟವನ್ನು ಊರಿಗೆ ಇಳಿಸಿ ತಂದರು, ಮಳೆ ನಿಂತಿತು ಅಂತ ಪ್ರತೀತಿ. ಅಂದಿನಿಂದ ಪ್ರತಿವರ್ಷ ಉತ್ಸವ. ಮಳೆ ನಿಲ್ಲಿಸುವ ದೇವರನ್ನು ಕರೆತರಲು ಹೋದವರು ಮಳೆಯಲ್ಲಿ ನೆನೆಯಬಾರದು ಅಂತ 1674ರಲ್ಲಿ ಈ ಸೂರು ಶುರುವಾಯಿತು! ದುಡ್ಡು ಊರಿನವರದ್ದು. 1677ರಲ್ಲಿ ಜನ ಸಾಲುಗಟ್ಟಿ ನಿಂತು ಕಟ್ಟಡದ ಸಾಮಗ್ರಿಯನ್ನು ಕೈಯಿಂದ ಕೈಗೆ ದಾಟಿಸುತ್ತ ಗುಡ್ಡಕ್ಕೆ ಮುಟ್ಟಿಸಿದರು.

ಮೆಲೊಂಚೆಲ್ಲೊ ಕಮಾನಿನವರೆಗೆ ದಾರಿ ಸಮತಟ್ಟು, ಆಮೇಲೆ ಏರು. ಮಾತು ತಾನಾಗಿ ನಿಲ್ಲುತ್ತದೆ. ಪಕ್ಕದಲ್ಲೇ ಪರೀಕ್ಷೆಗೆ ಹರಕೆ ಹೊತ್ತ ಹುಡುಗಿ, ಏದುಸಿರು ಬಿಡುವ ಜಾಗಿಂಗ್ ಮಂದಿ, ಜಪಸರ ಹಿಡಿದ ಅಜ್ಜಿ. ಮೊಣಕಾಲು ನೋವಿದ್ದವರಿಗೆ ಊರಿನಿಂದ ಪುಟ್ಟ ಟೂರಿಸ್ಟ್ ರೈಲು ಇದೆ. ನೋವಿಲ್ಲದವರು ಅದರಲ್ಲಿ ಕೂತರೆ ಬೊಲೊನ್ಯಾ ನೋಡಿದೆ ಅಂತ ನನ್ನ ಮುಂದೆ ಹೇಳಬೇಡಿ.

ಒಂದು ತಕರಾರು ನನಗೂ ಇದೆ. ಊರ ಮುಖ್ಯ ಚೌಕ ಪ್ಯಾಟ್ಸಾ ಮಜ್ಜೋರೆ ಪಕ್ಕದ ಕ್ವಾದ್ರಿಲಾತೆರೊ ಮಾರುಕಟ್ಟೆಯ ಸಂದಿಗಳಲ್ಲಿ ಈಗ ಮೊರ್ತದೆಲ್ಲಾ ಮಾಂಸದ ತಟ್ಟೆ ಮಾರುವ ಮೇಜುಗಳೇ ಮೇಜು. ಏಳು ಶತಮಾನ ನಡೆಯುವವರಿಗೆ ಜಾಗ ಕೊಟ್ಟ ಊರು ಈಗ ಕೂತವರಿಗೆ ಜಾಗ ಮಾಡುತ್ತಿದೆ. ಶನಿವಾರ, ಭಾನುವಾರ ಮುಖ್ಯ ಬೀದಿಗಳಿಗೆ ವಾಹನ ಬಿಡುವುದಿಲ್ಲ. ನಡೆಯುವುದಾದರೆ ಆಗ, ಮಾರುಕಟ್ಟೆಗೆ ಹೋಗುವುದಾದರೆ ಕೆಲಸದ ದಿನ ಬೆಳಗ್ಗೆ.

ಕೊನೆಗೆ, ಕಾಮೆಂಟಿನಲ್ಲಿ ಹೇಗೂ ಕೇಳುತ್ತೀರಿ ಅಂತ ಮೊದಲೇ ಹೇಳಿಬಿಡುತ್ತೇನೆ: ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆ. ರಿಕೊತ್ತಾ ಅನ್ನುವ ಮೆತ್ತನೆಯ ಚೀಸ್ ತುಂಬಿ ಬೆಣ್ಣೆ, ಸೇಜ್ ಎಲೆ ಹಾಕಿದ ತೊರ್ತೆಲ್ಲೋನಿ ಪಾಸ್ತಾ ಕೇಳಿ. ತೊರ್ತೆಲ್ಲಿನಿ ಅಂದುಬಿಟ್ಟರೆ ಹಂದಿಮಾಂಸ ಬರುತ್ತದೆ. ಪಾರ್ಮೆಜಾನ್ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಅದೂ ಬೇಡ ಅನ್ನುವವರು "ಸೆನ್ಸಾ ಪರ್ಮಿಜಾನೊ" ಅನ್ನಿ. ಮಾಣಿ ಮುಖ ಸಿಂಡರಿಸುತ್ತಾನೆ, ಸಿಂಡರಿಸಲಿ ಬಿಡಿ.