ಓಟ್ಸ್ ಯಾಕೆ, ಜೋಳದ ರೊಟ್ಟಿ ಇಲ್ವಾ?

ಆರೋಗ್ಯಕ್ಕೆ ಓಟ್ಸ್ ತಿನ್ನಿ, ನಗೆಕೂಟಕ್ಕೆ (ಗುಂಪಾಗಿ ಸೇರಿ ನಗುವ ವ್ಯಾಯಾಮಕ್ಕೆ) ಹೋಗಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ವಿಜಯಪುರದ ನಮಗೆ ಓಟ್ಸ್ ಯಾಕೆ ಸರ್? ಬಿಳಿಜೋಳದ ರೊಟ್ಟಿಯಲ್ಲೂ ನಾರಿನಂಶ ಇದೆ, ಗ್ಲುಟೆನ್ (ಗೋಧಿಯಲ್ಲಿರುವ ಅಂಟಿನ ಪ್ರೋಟೀನ್) ಇಲ್ಲ. ಜೊತೆಗೆ ಮೊಸರು, ಹಸಿ ಉಳ್ಳಾಗಡ್ಡಿ, ಅಗಸಿ ಚಟ್ನಿ. ಅಗಸಿಯಲ್ಲಿ ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಇದೆ. ಆದರೆ ಇಡೀ ಕಾಳು ನುಂಗಿದರೆ ಅದು ಜೀರ್ಣವಾಗದೆ ಹಾಗೇ ಹೊರಗೆ ಹೋಗುವುದೇ ಜಾಸ್ತಿ. ಹುರಿದು ಕುಟ್ಟಿ ಪುಡಿ ಮಾಡುವ ನಮ್ಮ ಅಜ್ಜಿಯರ ಪದ್ಧತಿಯೇ ಸರಿ. (ಬಿಪಿ ಇದ್ದವರು ಚಟ್ನಿಗೆ ಉಪ್ಪು ಕಡಿಮೆ ಹಾಕಿ. ಮಾತ್ರೆ ಬಿಡಬೇಡಿ!)

ಇನ್ನು ನಗೆಕೂಟ. ಡಾ. ಮದನ್ ಕಟಾರಿಯಾ 1995ರಲ್ಲಿ ಮುಂಬೈನಲ್ಲಿ ಶುರು ಮಾಡಿದ್ದು. ಒಳ್ಳೆಯದೇ. ಆದರೂ ಸುಮ್ನೆ ಕೈ ಎತ್ತಿ ಹಾ ಹಾ ಅನ್ನುವುದಕ್ಕಿಂತ ಕಟ್ಟೆ ಮೇಲೆ ನಾಲ್ಕು ಜನ ಕೂತು ಹರಟೆ ಹೊಡೆದರೆ ನಗು ತಾನಾಗೇ ಬರುತ್ತದೆ, ಅಲ್ವಾ?