ಹೋಮರ್ ಹಚ್ಚಿದ ಹುಚ್ಚು ಸರಿ, ಆಮೇಲಿನ ವ್ಯಾಕರಣ?

ಕವಿ ಅಲೆಕ್ಸಾಂಡರ್ ಪೋಪ್ ಇಂಗ್ಲಿಷಿಗೆ ಅನುವಾದಿಸಿದ ಪ್ರಾಚೀನ ಗ್ರೀಕ್ ಕವಿ ಹೋಮರನ ಕಾವ್ಯ ಓದಿಯೇ ಇಂಗ್ಲೆಂಡಿನ ಕೂಲಿಕಾರರು ಗ್ರೀಕ್, ಲ್ಯಾಟಿನ್‌ಗೆ ಕೈಹಾಕಿದರು ಎನ್ನುತ್ತದೆ ಒಂದು ಲೇಖನ. ಅರ್ಧ ನಿಜ. ಒಕ್ಕಣೆಯಾಳು ಸ್ಟೀಫನ್ ಡಕ್ ಇಂಗ್ಲಿಷ್ ಕವಿ ಮಿಲ್ಟನ್‌ನ ಕಾವ್ಯವನ್ನು ನಿಘಂಟು ಹಿಡಿದು ಎರಡು-ಮೂರು ಸಲ ಓದಿದ. ಹಸಿವು ಹುಟ್ಟುವುದು ಹಾಗೆ. ಆಮೇಲೆ ಎದುರಾಗುವುದು ವ್ಯಾಕರಣ. ಲ್ಯಾಟಿನ್ ನಾಮಪದಗಳಿಗೆ ಐದು ವರ್ಗ, ಆರು ವಿಭಕ್ತಿ. ಕನ್ನಡದಲ್ಲಿ 'ಮರ-ಗಳ-ಲ್ಲಿ' ಎಂದು ಬಿಡಿಸಬಹುದು; ಲ್ಯಾಟಿನ್‌ನಲ್ಲಿ ವಚನ, ವಿಭಕ್ತಿ ಎರಡೂ ಒಂದೇ ಪ್ರತ್ಯಯದಲ್ಲಿ ಕಲಸಿಹೋಗಿರುತ್ತವೆ. ಉರು ಹೊಡೆಯದೆ ಗತಿಯಿಲ್ಲ. ಬೂಟು ಹೊಲಿಯುತ್ತಿದ್ದ ಥಾಮಸ್ ಕೂಪರ್ ನಸುಕಿಗೇ ಎದ್ದು ಅದನ್ನೇ ಮಾಡಿದ, ಮೈ ಕೈಕೊಡುವವರೆಗೂ! ಮೂಲ ಓದುವಾಗ ಪಕ್ಕದಲ್ಲಿ ಅನುವಾದ ತೆರೆದಿಟ್ಟರೆ ಕಣ್ಣು ಪದದ ಕೊನೆಯ ಪ್ರತ್ಯಯವನ್ನು ನೋಡುವುದೇ ಇಲ್ಲ. ಮೊದಲು ಹತ್ತು ಸಾಲು ಮೂಲದಲ್ಲಿ ಬಿಡಿಸಿ, ನಂತರವೇ ಅನುವಾದದೊಂದಿಗೆ ತಾಳೆ ನೋಡಬೇಕು.